ಥ್ರಿಲ್ಲರ್‌ನ ಮೊದಲ ಐದು ನಿಮಿಷ: ಎಷ್ಟು ಮುಚ್ಚಿಡಬೇಕು, ಎಷ್ಟು ಹೇಳಬೇಕು?

ಪ್ರಶ್ನೆ: ನಾನು ಮೊದಲ ಸಲ ಒಂದು ಥ್ರಿಲ್ಲರ್ ಸಿನಿಮಾ ಮಾಡುತ್ತಿದ್ದೇನೆ. ಸುಮಾರು 100 ನಿಮಿಷದ ಚಿತ್ರ. ಕೈಯಲ್ಲಿರುವ ದುಡ್ಡು ಕಡಿಮೆ. ಕಥೆ ಇಷ್ಟು: ಡೂಪ್ಲಿಕೇಟ್ ಕೀ ಮಾಡಿಕೊಡುವ ಒಬ್ಬ ನಡುವಯಸ್ಸಿನವನಿದ್ದಾನೆ. ಒಂಟಿಯಾಗಿ ವಾಸಿಸುವ ಹೆಣ್ಣುಮಗಳೊಬ್ಬಳು ಬೀಗ ಹಾಕಿದ ತನ್ನ ಮನೆಯೊಳಗೇ ಕೊಲೆಯಾಗುತ್ತಾಳೆ. ಆ ಬೀಗಕ್ಕೆ ಕೀ ಮಾಡಿಕೊಟ್ಟವನು ತಾನೇ ಅಂತ ಇವನಿಗೆ ಆಮೇಲೆ ಗೊತ್ತಾಗುತ್ತದೆ. ಬಾಯಿ ಬಿಟ್ಟರೆ ತಾನೇ ಸಿಕ್ಕಿಬೀಳುತ್ತಾನೆ. ಆರಂಭದ ಏಳು ನಿಮಿಷ ಶೂಟ್ ಮಾಡಿ ರಫ್ ಕಟ್ ಮಾಡಿದ್ದೇವೆ. ಮಳೆಯ ರಾತ್ರಿ. ಹೆಣ್ಣುಮಗಳು ಓಡಿಬಂದು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮುಖವಾಡ ಹಾಕಿದವನು ಬಾಗಿಲು ತೆಗೆದು ಒಳಗೆ ಬರುತ್ತಾನೆ. ಮಿಂಚು, ಕಿರುಚಾಟ, ಕತ್ತಲೆ, ಟೈಟಲ್. ಆಮೇಲೆ ‘ಮೂರು ತಿಂಗಳ ಹಿಂದೆ’ ಅನ್ನುವ ಅಕ್ಷರ. ಅಲಾರಂ ಹೊಡೆದು ನಾಯಕ ಎದ್ದೇಳುತ್ತಾನೆ. ಹತ್ತು ಜನ ಗೆಳೆಯರಿಗೆ ತೋರಿಸಿದೆ. ನಾಲ್ಕನೇ ನಿಮಿಷಕ್ಕೇ ಇಬ್ಬರು ಫೋನ್ ಕೈಗೆತ್ತಿಕೊಂಡರು. ಒಬ್ಬರು ‘ಇದನ್ನು ಎಲ್ಲೋ ನೋಡಿದ ಹಾಗಿದೆ’ ಅಂದರು. ದುಡ್ಡು ಹಾಕಿದವರು ಮೊದಲ ಮೂರು ನಿಮಿಷದಲ್ಲಿ ಕೊಲೆ ಇರಲೇಬೇಕು ಅನ್ನುತ್ತಾರೆ. ಜೊತೆಗೆ ಬರೆದ ಗೆಳತಿ ಎಲ್ಲವನ್ನೂ ಮುಚ್ಚಿಡು, ಆಗಲೇ ಸಸ್ಪೆನ್ಸ್ ಅನ್ನುತ್ತಾಳೆ. ಯಾರ ಮಾತು ಸರಿ? ಕಟ್‌ಗಳನ್ನು ಇನ್ನೂ ಚುರುಕು ಮಾಡಿ, ಮ್ಯೂಸಿಕ್ ಜೋರು ಮಾಡಿದರೆ ಸರಿಹೋಗುತ್ತದಾ?

ಉತ್ತರ: ನೀವು ಕಳಿಸಿದ ಏಳು ನಿಮಿಷವನ್ನು ಮೂರು ಸಲ ನೋಡಿದೆ. ಒಮ್ಮೆ ಸುಮ್ನೆ ಪ್ರೇಕ್ಷಕನ ಹಾಗೆ. ಒಮ್ಮೆ ಸೌಂಡ್ ಪೂರ್ತಿ ತೆಗೆದು. ಇನ್ನೊಮ್ಮೆ ಪರದೆಗೆ ಬೆನ್ನು ಹಾಕಿ, ಬರೀ ಸೌಂಡ್ ಕೇಳುತ್ತಾ. ಎಡಿಟಿಂಗ್ ಟೇಬಲ್ ಮುಂದೆ ಕೂತು ಬಹಳ ವರ್ಷವಾಗಿದೆ, ಹೀಗೆ ಬಿಡಿಸಿ ನೋಡದೆ ನನಗೆ ಯಾವ ಸೀನೂ ಅರ್ಥವಾಗುವುದಿಲ್ಲ. ನೀವು ಜೊತೆಗೆ ಕೊಟ್ಟ ಚಿತ್ರಕಥೆಯನ್ನೂ ಓದಿದೆ. ಚಿತ್ರಕಥೆ ಚೆನ್ನಾಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಚಿಂತೆ ಏನು ಅಂದರೆ, ಒಂದು ಕೊಲೆಯನ್ನೇ ಕಣ್ಣೆದುರು ತೋರಿಸಿದರೂ ಯಾರ ಎದೆಯೂ ಹೊಡೆದುಕೊಳ್ಳಲಿಲ್ಲ. ಕೂತಿದ್ದವರು ನಿಮ್ಮ ಗೆಳೆಯರೇ, ನಿಮಗಾಗಿ ಬಂದವರು. ಆದರೂ ಕೈ ಫೋನ್‌ಗೆ ಹೋಯಿತು. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಓಡಿಬರುವ ಆ ಹೆಣ್ಣುಮಗಳು ಯಾರು ಅಂತ ಅವರಿಗೆ ಗೊತ್ತಿಲ್ಲ. ಅವಳಿಗೆ ಯಾವುದರಿಂದ ಅಪಾಯ ಅಂತ ಗೊತ್ತಿಲ್ಲ. ಮುಖವಾಡದವನು ಕಂಡ ಮೇಲೆ ಮುಂದಾಗುವುದು ಒಂದೇ, ಅದು ಆಗಿಯೇ ಆಗುತ್ತದೆ. ಹಾಗಾಗಿ ಊಹಿಸಲು ಏನೂ ಇಲ್ಲ, ಹೆದರಲು ಯಾರೂ ಇಲ್ಲ. ಬರೀ ಗದ್ದಲ ಉಳಿಯಿತು.

ನಿಮ್ಮ ನಿರ್ಮಾಪಕರು, ನಿಮ್ಮ ಗೆಳತಿ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಅದನ್ನು ಬಿಡಿಸುವ ಮುಂಚೆ ಎರಡು ಭಾವನೆಗಳನ್ನು ಬೇರೆ ಮಾಡಿಟ್ಟುಕೊಳ್ಳೋಣ. ಇವೆರಡನ್ನೂ ನಾವು ಸಸ್ಪೆನ್ಸ್ ಅಂತ ಒಂದೇ ಹೆಸರಿನಿಂದ ಕರೆಯುತ್ತೇವೆ. ಅಲ್ಲೇ ಎಡವಟ್ಟು ಶುರು.

ಒಂದು ಕುತೂಹಲ. ಏನೋ ಆಗಿಹೋಗಿದೆ, ಏನು ಅಂತ ನಮಗೆ ಗೊತ್ತಿಲ್ಲ. ಪರದೆಯ ಮೇಲಿರುವವರಿಗೆ ನಮಗಿಂತ ಜಾಸ್ತಿ ಗೊತ್ತು. ಇದು ಒಗಟು ಬಿಡಿಸುವ ಸುಖ, ತಲೆಯಲ್ಲಿ ನಡೆಯುವಂಥದ್ದು. ಇನ್ನೊಂದು ತಳಮಳ. ಏನೋ ಆಗಲಿದೆ, ನಮಗೆ ಗೊತ್ತು, ಪರದೆಯ ಮೇಲಿರುವವಳಿಗೆ ಗೊತ್ತಿಲ್ಲ. ಇದು ಹೊಟ್ಟೆಯಲ್ಲಿ ನಡೆಯುವಂಥದ್ದು. ‘ಹಿಂದೆ ತಿರುಗಿ ನೋಡೇ’ ಅಂತ ಕೂಗಬೇಕು ಅನ್ನಿಸುತ್ತದಲ್ಲ, ಅದು. ಕುತೂಹಲಕ್ಕೆ ಮುಚ್ಚಿಡಬೇಕು. ತಳಮಳಕ್ಕೆ ಹೇಳಬೇಕು. ಒಂದೇ ಸಂಗತಿಯನ್ನು ಮುಚ್ಚಿಟ್ಟು ಎರಡನ್ನೂ ಹುಟ್ಟಿಸಲು ಆಗುವುದಿಲ್ಲ.

ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ಟ್ರುಫೋ ಜೊತೆ ದಿನಗಟ್ಟಲೆ ಮಾತಾಡಿದರು. ಅಲ್ಲಿ ಅವರು ಕೊಟ್ಟ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ನೀವು ಕೇಳಿಯೇ ಇರುತ್ತೀರಿ. ಬಾಂಬ್ ಇದೆ ಅಂತ ಹೇಳದೆ ಸಿಡಿಸಿದರೆ 15 ಸೆಕೆಂಡು ಬೆಚ್ಚಿಬೀಳುತ್ತೇವೆ. ಮೊದಲೇ ಹೇಳಿದರೆ 15 ನಿಮಿಷ ಕುರ್ಚಿಯ ತುದಿಯಲ್ಲಿ ಕೂರುತ್ತೇವೆ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಹೇಳುವವರು ಒಂದು ಮಾತು ಬಿಡುತ್ತಾರೆ. ಬಾಂಬ್ ಇಟ್ಟವನು ಯಾರು ಅಂತ ಹೇಳಲೇಬೇಕು ಅಂತೇನಿಲ್ಲ. ಬಾಂಬ್ ಇದೆ, ಇಷ್ಟು ಹೊತ್ತಿಗೆ ಸಿಡಿಯುತ್ತದೆ ಅಂತ ಹೇಳಿದರೆ ಸಾಕು.

1958ರ ‘ಟಚ್ ಆಫ್ ಈವಿಲ್’ ಶುರುವಾಗುವುದು ಹೀಗೇ. ನಿರ್ದೇಶಕ ಆರ್ಸನ್ ವೆಲ್ಸ್. ಮೊದಲು ಕಾಣುವುದು ಎರಡು ಕೈ, ಅದರಲ್ಲಿ ಬಾಂಬ್, ಟೈಮರ್ ತಿರುಗಿಸುವ ಬೆರಳು. ಆ ಮನುಷ್ಯ ಅದನ್ನು ಒಂದು ಕಾರಿನ ಡಿಕ್ಕಿಯಲ್ಲಿಟ್ಟು ಓಡುತ್ತಾನೆ. ಒಬ್ಬ ಗಂಡಸು, ಒಬ್ಬ ಹೆಂಗಸು ಏನೂ ತಿಳಿಯದೆ ಆ ಕಾರಿಗೆ ಹತ್ತುತ್ತಾರೆ. ಆ ಕೈಗಳಿಂದ ಹಿಡಿದು ಕ್ಯಾಮೆರಾ ಒಂದೂ ಕಟ್ ಇಲ್ಲದೆ ಮೂರು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಸಾಗುತ್ತದೆ. ಕಾರು ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ನಡೆದುಕೊಂಡು ಬರುತ್ತಾರೆ, ಕಾರು ಅವರ ಪಕ್ಕದಲ್ಲೇ ನಿಲ್ಲುತ್ತದೆ. ಗಡಿ ಚೌಕಿಯಲ್ಲಿ ಕಾರಿನೊಳಗಿನ ಹೆಂಗಸು ತಲೆಯೊಳಗೆ ಟಿಕ್ ಟಿಕ್ ಅಂತ ಕೇಳಿಸುತ್ತಿದೆ ಅನ್ನುತ್ತಾಳೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಏನು ಕೊಟ್ಟರು, ಏನು ಮುಚ್ಚಿಟ್ಟರು ನೋಡಿ. ‘ಯಾರು’, ‘ಯಾಕೆ’ ಎರಡನ್ನೂ ಮುಚ್ಚಿಟ್ಟರು. ಅದು ಇಡೀ ಸಿನಿಮಾ ಎಳೆಯುವ ಕುತೂಹಲ. ‘ಏನು’, ‘ಎಲ್ಲಿ’, ‘ಸುಮಾರು ಯಾವಾಗ’ ಇಷ್ಟನ್ನೂ ನಮ್ಮ ಕೈಗೆ ಕೊಟ್ಟರು. ಅದು ಆ ಮೂರು ನಿಮಿಷದ ತಳಮಳ. ನಿಮ್ಮ ಆರಂಭದಲ್ಲಿ ಐದನ್ನೂ ಮುಚ್ಚಿಟ್ಟಿದ್ದೀರಿ.

ಮ್ಯೂಸಿಕ್ ಜೋರು ಮಾಡಲಾ ಅಂತ ಕೇಳಿದ್ದೀರಿ. ಅದಕ್ಕೂ ಇದೇ ಚಿತ್ರದಲ್ಲಿ ಪಾಠವಿದೆ. ಬಿಡುಗಡೆಯ ಪ್ರತಿಯಲ್ಲಿ ಆ ಶಾಟ್‌ನ ಮೇಲೆ ಹೆಸರುಗಳು ಓಡುತ್ತಿದ್ದವು, ಹೆನ್ರಿ ಮ್ಯಾನ್ಸಿನಿಯ ಸಂಗೀತ ಬಾರಿಸುತ್ತಿತ್ತು. ವೆಲ್ಸ್‌ಗೆ ಅದು ಬೇಕಿರಲಿಲ್ಲ. ಸ್ಟುಡಿಯೋಗೆ 58 ಪುಟದ ಟಿಪ್ಪಣಿ ಬರೆದಿದ್ದರು. 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಆ ಟಿಪ್ಪಣಿ ಹಿಡಿದು ಚಿತ್ರವನ್ನು ಮತ್ತೆ ಕಟ್ ಮಾಡಿದರು. ಹೆಸರುಗಳನ್ನು ಅಲ್ಲಿಂದ ತೆಗೆದರು. ಆ ಸಂಗೀತದ ಬದಲು ಬೀದಿಯ ಕ್ಲಬ್‌ಗಳಿಂದ ಬರುವ ಹಾಡು, ಕಾರಿನ ರೇಡಿಯೋ, ಜನರ ಸದ್ದು ಹಾಕಿದರು. ಈಗ ಆ ಕಾರಿನ ರೇಡಿಯೋ ಹತ್ತಿರ ಬಂದರೆ ಬಾಂಬ್ ಹತ್ತಿರ ಬಂದಂತೆ. ದೂರವಾದರೆ ಉಸಿರು ಬಿಡುತ್ತೇವೆ. ಎರಡು ಪ್ರತಿಗಳನ್ನೂ ಪಕ್ಕಪಕ್ಕ ನೋಡಿ. ಪುಸ್ತಕ ಓದುವುದಕ್ಕಿಂತ ಬೇಗ ಕಲಿಯುತ್ತೀರಿ.

ಈಗ ಕೊಲೆಯ ವಿಷಯ. ಮೊದಲ ಮೂರು ನಿಮಿಷದಲ್ಲಿ ಕೊಲೆ ಇಲ್ಲದಿದ್ದರೆ ಜನ ಎದ್ದುಹೋಗುತ್ತಾರೆ ಅನ್ನುವುದು ಒಂದು ನಂಬಿಕೆ, ಅಷ್ಟೇ. ಮೊದಲ ನಿಮಿಷಗಳಲ್ಲಿ ಏನೋ ಒಂದು ಹಿಡಿದುಕೊಳ್ಳಬೇಕು ಅನ್ನುವುದು ಮಾತ್ರ ನಿಜ. ಅದು ಹೆಣವೇ ಆಗಬೇಕಾಗಿಲ್ಲ. ಪರಿಚಯವಿಲ್ಲದವರ ಸಾವು ಪರದೆಯ ಮೇಲೆ ಬರೀ ಸುದ್ದಿ. ಅದನ್ನು ನೋವು ಮಾಡುವ ಕೆಲಸ ಸಾವಿಗಿಂತ ಮುಂಚಿನ ಶಾಟ್‌ಗಳದ್ದು.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಆರಂಭ 1931ರದ್ದು. ಫ್ರಿಟ್ಜ್ ಲ್ಯಾಂಗ್ ಅವರ ‘ಎಂ’. ಅವರ ಮೊದಲ ಮಾತಿನ ಚಿತ್ರ. ನಿಮ್ಮ ಹಾಗೆ ಕಡಿಮೆ ದುಡ್ಡಿನಲ್ಲಿ ಮಾಡುವವರು ಇದನ್ನು ಶಾಟ್ ಶಾಟ್ ಬಿಡಿಸಿ ನೋಡಬೇಕು. ಯಾಕೆ ಅಂದರೆ ಇದರ ಆರಂಭದಲ್ಲಿ ಬಳಸಿರುವ ವಸ್ತುಗಳೆಲ್ಲ ಯಾರ ಮನೆಯಲ್ಲಾದರೂ ಸಿಗುವಂಥವು.

ಅಂಗಳದಲ್ಲಿ ಮಕ್ಕಳು ಸುತ್ತ ನಿಂತು ಆಡುತ್ತಿವೆ. ಕೊಲೆಗಾರ ಬರುತ್ತಾನೆ, ಕತ್ತರಿಸುತ್ತಾನೆ ಅನ್ನುವ ಅರ್ಥದ ಹಾಡು ಹೇಳುತ್ತಾ ಒಬ್ಬೊಬ್ಬರನ್ನೇ ಔಟ್ ಮಾಡುವ ಆಟ. ಮೇಲಿಂದ ಹೆಂಗಸೊಬ್ಬಳು ಆ ಹಾಡು ಹೇಳಬೇಡಿ ಅಂತ ಗದರುತ್ತಾಳೆ. ಅಷ್ಟರಲ್ಲೇ ಊರಿಗೆ ಏನೋ ಆಗಿದೆ ಅಂತ ನಮಗೆ ಗೊತ್ತಾಯಿತು, ಯಾರೂ ಕೂತು ವಿವರಿಸಲಿಲ್ಲ. ಒಂದು ಮನೆಯಲ್ಲಿ ತಾಯಿ ಬಟ್ಟೆ ಒಗೆಯುತ್ತಿದ್ದಾಳೆ. ಗಡಿಯಾರ ಹನ್ನೆರಡು ಹೊಡೆಯುತ್ತದೆ, ಅವಳ ಮುಖದಲ್ಲಿ ನಗು. ಮಗಳು ಎಲ್ಸಿ ಶಾಲೆಯಿಂದ ಬರುವ ಹೊತ್ತು. ಮೇಜಿನ ಮೇಲೆ ತಟ್ಟೆ ಇಡುತ್ತಾಳೆ. ಅತ್ತ ಎಲ್ಸಿ ಚೆಂಡನ್ನು ನೆಲಕ್ಕೆ ಬಡಿಯುತ್ತಾ ನಡೆಯುತ್ತಿದ್ದಾಳೆ. ಜಾಹೀರಾತು ಅಂಟಿಸಿದ ಒಂದು ಕಂಬದ ಹತ್ತಿರ ನಿಂತು ಚೆಂಡು ಎಸೆಯುತ್ತಾಳೆ. ಆ ಕಂಬದ ಮೇಲಿರುವುದು ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ 10,000 ಮಾರ್ಕ್ ಬಹುಮಾನ ಅನ್ನುವ ಪ್ರಕಟಣೆ. ಅದರ ಮೇಲೆ ಒಂದು ನೆರಳು ಬೀಳುತ್ತದೆ. ‘ಎಷ್ಟು ಚೆಂದದ ಚೆಂಡು’ ಅನ್ನುವ ದನಿ, ‘ನಿನ್ನ ಹೆಸರೇನು’ ಅಂತ ಕೇಳುತ್ತದೆ.

ಇಲ್ಲಿಂದ ಮುಂದೆ ಲ್ಯಾಂಗ್ ನಮಗೆ ಹಿಂಸೆಯನ್ನು ತೋರಿಸುವುದೇ ಇಲ್ಲ. ಆ ಮನುಷ್ಯ ಒಂದು ರಾಗವನ್ನು ಸಿಳ್ಳೆ ಹಾಕುತ್ತಾ ಕುರುಡು ವ್ಯಾಪಾರಿಯಿಂದ ಬಲೂನು ಕೊಡಿಸುತ್ತಾನೆ. ತಾಯಿ ಮತ್ತೆ ಗಡಿಯಾರ ನೋಡುತ್ತಾಳೆ. ಮೆಟ್ಟಿಲು ಹತ್ತಿ ಬರುವ ಬೇರೆ ಮಕ್ಕಳನ್ನು ಕೇಳುತ್ತಾಳೆ. ಎಲ್ಸಿ, ಎಲ್ಸಿ ಅಂತ ಕೂಗುತ್ತಾಳೆ. ಆ ಕೂಗಿನ ಮೇಲೆ ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಖಾಲಿ ತಟ್ಟೆ. ಆಮೇಲೆ ಪೊದೆಯಿಂದ ಚೆಂಡು ಉರುಳಿಬಂದು ನಿಲ್ಲುತ್ತದೆ. ಬಲೂನು ತಂತಿಗೆ ಸಿಕ್ಕಿಕೊಂಡು ಒದ್ದಾಡಿ ಹಾರಿಹೋಗುತ್ತದೆ. ಮುಗಿಯಿತು.

ಎಷ್ಟೋ ಸಲ ನೋಡಿದ್ದೇನೆ. ಆ ತಟ್ಟೆ ಬಂದಾಗ ಈಗಲೂ ಗಂಟಲು ಕಟ್ಟುತ್ತದೆ. ಕೊಲೆಗಾರನ ಮುಖ ಮುಚ್ಚಿಟ್ಟಿದ್ದರಿಂದ ಅಲ್ಲ. ತಾಯಿ ಕಾಯುವುದನ್ನು ತೋರಿಸಿದ್ದರಿಂದ. ಅವಳಿಗಿಂತ ಮೊದಲು ನಮಗೆ ಗೊತ್ತಾಗಿದ್ದರಿಂದ. ಇನ್ನೊಂದು ವಿಷಯ ನೋಡಿ: ಆ ಸಿಳ್ಳೆ ಸುಮ್ನೆ ಬಂದು ಹೋಗುವುದಿಲ್ಲ. ಮುಂದೆ ಕೊಲೆಗಾರನ ಗುರುತು ಹಿಡಿಯುವುದು ಅದೇ ಕುರುಡು ವ್ಯಾಪಾರಿ, ಅದೇ ಸಿಳ್ಳೆಯಿಂದ. ಆರಂಭದಲ್ಲಿ ಇಟ್ಟ ವಸ್ತು ಕಥೆಯ ನಡುವೆ ಕೆಲಸಕ್ಕೆ ಬಂತು. ಇಂಥ ಒಂದಾದರೂ ನಿಮ್ಮ ಆರಂಭದಲ್ಲಿ ಇರಬೇಕು. ಅದು ಏನು ಅಂತ ಆಮೇಲೆ ಹೇಳುತ್ತೇನೆ, ನೀವೇ ಬರೆದಿಟ್ಟಿದ್ದೀರಿ.

ನಿಮ್ಮ ಗೆಳತಿಯ ಮಾತಿಗೆ ಬರುತ್ತೇನೆ. ಮುಚ್ಚಿಟ್ಟರೆ ಭಯ ಅನ್ನುವವರು ಸಾಮಾನ್ಯವಾಗಿ 1975ರ ‘ಜಾಸ್’ ಉದಾಹರಣೆ ಕೊಡುತ್ತಾರೆ. ಮೊದಲ ದಾಳಿಯಲ್ಲಿ ಶಾರ್ಕ್ ಕಾಣುವುದೇ ಇಲ್ಲ. ನೀರಿನ ಮೇಲೆ ಹುಡುಗಿಯ ಮುಖ, ಅವಳನ್ನು ಯಾವುದೋ ಅತ್ತಿತ್ತ ಎಳೆದಾಡುತ್ತದೆ. ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಎಳೆಯುತ್ತಿದ್ದವರು ಚಿತ್ರತಂಡದವರೇ. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಕೈಕೊಟ್ಟಿದ್ದರಿಂದ ಇಡೀ ಚಿತ್ರದಲ್ಲಿ ಅದನ್ನು ಕಡಿಮೆ ತೋರಿಸಬೇಕಾಯಿತು ಅನ್ನುವುದೂ ನಿಜವೇ. ಆದರೆ ಶಾರ್ಕ್‌ನ ಮೈಯನ್ನು ಮುಚ್ಚಿಟ್ಟರೇ ಹೊರತು ಶಾರ್ಕ್ ಇದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಟೈಟಲ್‌ನಲ್ಲೇ ಕ್ಯಾಮೆರಾ ನೀರಿನೊಳಗೆ ಹರಿದಾಡುತ್ತದೆ. ಎರಡು ಸ್ವರದ ಆ ಸಂಗೀತ ಶುರುವಾಗುತ್ತದೆ. ಆಮೇಲೆ ಕೆಳಗಿನಿಂದ ಮೇಲೆ ನೋಡುವ ಶಾಟ್, ಅಲ್ಲಿ ಈಜುವವಳ ಕಾಲು. ಅವಳು ನಗುತ್ತಿದ್ದಾಗಲೇ ನಮಗೆ ಗೊತ್ತು. ಆ ಒಂದು ಶಾಟ್ ತೆಗೆದುಹಾಕಿ ನೋಡಿದರೆ ಉಳಿಯುವುದು ಬೆಚ್ಚಿಬೀಳುವಿಕೆ ಮಾತ್ರ.

ಮುಖವಾಡದ ಬಗ್ಗೆ ಒಂದು ಮಾತು. ಮುಖ ಮುಚ್ಚಿದ ಕೊಲೆಗಾರ ಕೊಲೆಗಾರನ ಥರವೇ ಕಾಣುತ್ತಾನೆ. ಅವನನ್ನು ನೋಡಿದ ಕೂಡಲೇ ಪ್ರೇಕ್ಷಕನಿಗೆ ‘ಓಹೋ, ಈ ಥರದ ಸಿನಿಮಾ’ ಅನ್ನಿಸಿ ನಿರಾಳವಾಗಿಬಿಡುತ್ತದೆ. ನಿಮ್ಮ ಗೆಳೆಯರು ಎಲ್ಲೋ ನೋಡಿದ ಹಾಗಿದೆ ಅಂದದ್ದು ಇದಕ್ಕೇ. ಕೊಯೆನ್ ಸಹೋದರರ 2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಚಿತ್ರದಲ್ಲಿ ಕೊಲೆ ಮೊದಲ ಕೆಲವು ನಿಮಿಷದಲ್ಲೇ ಬರುತ್ತದೆ, ಕೊಲೆಗಾರನ ಮುಖ ಪೂರ್ತಿ ಕಾಣುತ್ತದೆ. ಒಬ್ಬ ಪೊಲೀಸ್ ನಮ್ಮ ಕಡೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಾನೆ, ಎಲ್ಲ ನನ್ನ ಹಿಡಿತದಲ್ಲಿದೆ ಅನ್ನುತ್ತಿದ್ದಾನೆ. ಅವನ ಬೆನ್ನ ಹಿಂದೆ, ಮಸುಕಾಗಿ, ಬೇಡಿ ಹಾಕಿಸಿಕೊಂಡು ಕೂತವನು ಎದ್ದು ನಿಲ್ಲುತ್ತಾನೆ, ಹತ್ತಿರ ಬರುತ್ತಾನೆ. ಕಟ್ ಇಲ್ಲ, ಮಿಂಚಿಲ್ಲ. ಹಗಲಿನಂಥ ಬೆಳಕು. ಒಂದೇ ಫ್ರೇಮಿನಲ್ಲಿ ಗೊತ್ತಿಲ್ಲದವನು ಮುಂದೆ, ಗೊತ್ತಿರುವ ಅಪಾಯ ಹಿಂದೆ. ನಾವು ನಡುವೆ ಸಿಕ್ಕಿಹಾಕಿಕೊಂಡೆವು.

ಈ ಎರಡು ಭಾವನೆಗಳನ್ನು ಒಂದೇ ಸೀನಿನಲ್ಲಿ ಹೇಗೆ ಬದಲಾಯಿಸಬಹುದು ಅಂತ ನೋಡಬೇಕಾದರೆ 2009ರ ‘ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್’ ಚಿತ್ರದ ಮೊದಲ ಅಧ್ಯಾಯ ನೋಡಿ. ಫ್ರಾನ್ಸಿನ ಒಂದು ಹೊಲಮನೆ, 1941. ನಾಜಿ ಅಧಿಕಾರಿ ಬಂದು ಬಹಳ ಮರ್ಯಾದೆಯಿಂದ ಕೂರುತ್ತಾನೆ, ಒಂದು ಲೋಟ ಹಾಲು ಕೇಳಿ ಕುಡಿಯುತ್ತಾನೆ, ಕಾಗದ ತೆಗೆದು ಲೆಕ್ಕ ಬರೆಯುತ್ತಾನೆ. ಮನೆಯ ಯಜಮಾನ ಯಾಕೆ ಬೆವರುತ್ತಿದ್ದಾನೆ ಅಂತ ನಮಗೆ ಅನುಮಾನ, ಅಷ್ಟೇ. ಇದು ಕುತೂಹಲ. ಮಾತು ಸಾಕಷ್ಟು ನಡೆದ ಮೇಲೆ ಕ್ಯಾಮೆರಾ ನೆಲದ ಹಲಗೆ ದಾಟಿ ಕೆಳಗಿಳಿಯುತ್ತದೆ. ಅಲ್ಲಿ ಬಾಯಿ ಮುಚ್ಚಿಕೊಂಡು ಮಲಗಿರುವ ಯಹೂದಿ ಕುಟುಂಬ. ಆ ಕ್ಷಣದಿಂದ ಮೇಲೆ ನಡೆಯುವ ಒಂದೊಂದು ನಯವಾದ ಮಾತೂ ಚೂರಿ. ಅದೇ ಕೋಣೆ, ಅದೇ ಇಬ್ಬರು. ಬದಲಾದದ್ದು ನಮಗೆ ಗೊತ್ತಿರುವುದು ಮಾತ್ರ. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಯೋಚಿಸುವುದು ಇದನ್ನೇ: ಆ ಕೆಳಗಿಳಿಯುವ ಶಾಟ್ ಎಲ್ಲಿ ಬರಬೇಕು? ಮೊದಲೇ ಬಂದರೆ ಅಧಿಕಾರಿ ಮನೆಗೆ ಬರುವ ಮುಂಚೆಯೇ ಒಗಟು ಸತ್ತಿರುತ್ತದೆ. ಕೊನೆಗೆ ಬಂದರೆ ಅಷ್ಟೂ ಮಾತು ಬೋರ್.

ಚುರುಕು ಕಟ್‌ಗಳ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಬೇಗ ಬೇಗ ಕತ್ತರಿಸಿದರೆ ಗಾಬರಿ ಹುಟ್ಟುತ್ತದೆ, ತಳಮಳ ಹುಟ್ಟುವುದಿಲ್ಲ. ತಳಮಳಕ್ಕೆ ಕಾಯುವ ಹೊತ್ತು ಬೇಕು. ಕಣ್ಣಿಗೆ ಫ್ರೇಮಿನ ಮೂಲೆ ಮೂಲೆ ಹುಡುಕಲು ಸಮಯ ಬೇಕು. ನಾನೇ ಹಿಂದೆ ಒಂದು ಚಿತ್ರದ ಆರಂಭವನ್ನು ಹೀಗೆ ಕೊಚ್ಚಿಹಾಕಿದ್ದೆ. ಮೊದಲ ಪ್ರದರ್ಶನದಲ್ಲಿ ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅಂತ ನೋಡುವವರಿಗೆ ತಿಳಿಯಲೇ ಇಲ್ಲ. ಆಮೇಲೆ ನಿರ್ದೇಶಕರೂ ನಾನೂ ಕೂತು ಕೊಲೆಯ ಅಷ್ಟೂ ಶಾಟ್ ತೆಗೆದೆವು. ಪಕ್ಕದ ಮನೆಯವನ ಒಂದೇ ಶಾಟ್ ಇಟ್ಟೆವು. ಗೋಡೆಯಾಚೆ ಏನೋ ಸದ್ದು. ಅವನು ತಲೆಯೆತ್ತಿ ಕೇಳುತ್ತಾನೆ. ಸ್ವಲ್ಪ ಹೊತ್ತು ಹಾಗೇ ಕೂರುತ್ತಾನೆ. ಆಮೇಲೆ ರಿಮೋಟ್ ತೆಗೆದುಕೊಂಡು ಟಿವಿ ಜೋರು ಮಾಡುತ್ತಾನೆ. 40 ಸೆಕೆಂಡಿನ ಶಾಟ್. ಮುಂದಿನ ಪ್ರದರ್ಶನದಲ್ಲಿ ಹಿಂದಿನ ಸಾಲಿನಿಂದ ಯಾರೋ ‘ಅಯ್ಯೋ’ ಅಂದದ್ದು ಈಗಲೂ ನೆನಪಿದೆ.

ನಿಮ್ಮ ಆರಂಭದಲ್ಲಿ ನನಗೆ ದೊಡ್ಡ ತೊಂದರೆ ಅನ್ನಿಸಿದ್ದು ಕೊಲೆಯೂ ಅಲ್ಲ, ಮಳೆಯೂ ಅಲ್ಲ. ‘ಮೂರು ತಿಂಗಳ ಹಿಂದೆ’. ಈ ಅಕ್ಷರ ಬಂದ ಕೂಡಲೇ ಕಟ್ಟಿದ ಒತ್ತಡವೆಲ್ಲ ಗಾಳಿ ಬಿಟ್ಟ ಟೈರಿನಂತೆ ಇಳಿದುಹೋಗುತ್ತದೆ. ಯಾಕೆ? ಪ್ರೇಕ್ಷಕನಿಗೆ ನೀವು ‘ಇನ್ನು ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ನಿರಾಳವಾಗಿರಿ’ ಅಂತ ಬರೆದು ತೋರಿಸಿದ ಹಾಗೆ. ಅದರ ಬೆನ್ನಿಗೇ ಅಲಾರಂ, ಹಲ್ಲುಜ್ಜುವುದು. ಎರಡು ಫೋನ್ ಹೊರಬಂದದ್ದು ಸರಿಯಾಗಿ ಇಲ್ಲೇ ಇರಬೇಕು. ಲೆಕ್ಕ ಹಾಕಿದೆ, ನಿಮ್ಮ ಕಟ್‌ನಲ್ಲಿ ಇದು ನಾಲ್ಕನೇ ನಿಮಿಷವೇ.

ಹಾಗಂತ ಮುಂದಿನದನ್ನು ಮೊದಲು ತೋರಿಸುವುದೇ ತಪ್ಪು ಅಂತಲ್ಲ. 2018ರ ‘ಅಂಧಾಧುನ್’ ನೀವು ನೋಡಿರಬಹುದು. ಶುರುವಾಗುವುದು ಎಲೆಕೋಸಿನ ಹೊಲದಲ್ಲಿ ಒಂದು ಮೊಲದಿಂದ. ಬಂದೂಕು ಹಿಡಿದವನು ಅದನ್ನು ಹಿಂಬಾಲಿಸುತ್ತಾನೆ, ಗುಂಡು ಹಾರುತ್ತದೆ. ಇದಕ್ಕೂ ಪಿಯಾನೋ ನುಡಿಸುವವನಿಗೂ ಏನು ಸಂಬಂಧ ಅಂತ ಗೊತ್ತಾಗಲು ಚಿತ್ರದ ಕೊನೆಯವರೆಗೆ ಕಾಯಬೇಕು. ಅಲ್ಲಿ ಅದು ಕೆಲಸ ಮಾಡುತ್ತದೆ. ಯಾಕೆ ಅಂದರೆ ಅದು ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳಿಬಿಡುವುದಿಲ್ಲ, ವಿಚಿತ್ರವಾದ ಒಂದು ತುಣುಕನ್ನು ಜೇಬಿಗೆ ಹಾಕಿ ಕಳಿಸುತ್ತದೆ ಅಷ್ಟೇ. ನಿಮ್ಮ ಮಳೆಯ ರಾತ್ರಿ ಹಾಗಲ್ಲ. ಅವಳು ಸಾಯುತ್ತಾಳೆ ಅಂತ ಮೊದಲೇ ಹೇಳಿಬಿಡುತ್ತದೆ. ಆಮೇಲೆ ಮೂರು ತಿಂಗಳ ಕಥೆಯಲ್ಲಿ ಅವಳಿಗಾಗಿ ನಾವು ಹೆದರುವುದು ಹೇಗೆ?

ನಿಮಗಿರುವ ದಾರಿಗಳು ನನಗೆ ಕಂಡ ಹಾಗೆ ಹೀಗಿವೆ. ಕೊಲೆಯನ್ನೇ ಆರಂಭದಲ್ಲಿ ಇಟ್ಟುಕೊಳ್ಳಬಹುದು. ಹಾಗೆ ಮಾಡುವುದಾದರೆ ಮಳೆ, ಮುಖವಾಡ ಬಿಟ್ಟು, ಅವಳ ಮನೆಯೊಳಗಿನ ಎರಡು ನಿಮಿಷ ಕೊಡಿ. ಚಪ್ಪಲಿ ಬಿಡುತ್ತಾಳೆ, ಫೋನ್ ಚಾರ್ಜಿಗೆ ಹಾಕುತ್ತಾಳೆ, ಬೀಗ ಹಾಕಿದ್ದೇನಾ ಅಂತ ಇನ್ನೊಮ್ಮೆ ನೋಡುತ್ತಾಳೆ. ಆಮೇಲೆ ಹೊರಗಿನಿಂದ ಕೀ ತಿರುಗುವ ಸದ್ದು. ಅಲ್ಲಿಗೆ ನಿಲ್ಲಿಸಿ. ನಿಮ್ಮ ಈಗಿನ ಕಟ್‌ನಲ್ಲೂ ಆ ಸದ್ದು ಇದೆ, ಗೊತ್ತಾ? ಬರೀ ಸೌಂಡ್ ಕೇಳುವಾಗ ಸಿಕ್ಕಿತು. ಗುಡುಗು ಮತ್ತು ಮ್ಯೂಸಿಕ್ ಅದನ್ನು ನುಂಗಿಹಾಕಿವೆ. ಇಡೀ ಕಥೆ ನಿಂತಿರುವುದೇ ಆ ಸದ್ದಿನ ಮೇಲೆ! ಈ ದಾರಿಯ ಅಪಾಯ ಏನು ಅಂದರೆ, ಆಮೇಲೆ ನಾಯಕನನ್ನು ಪರಿಚಯ ಮಾಡಲು ಮತ್ತೆ ಶೂನ್ಯದಿಂದ ಶುರು ಮಾಡಬೇಕು. ಸಿನಿಮಾ ಎರಡು ಸಲ ಶುರುವಾದಂತೆ ಅನ್ನಿಸುತ್ತದೆ.

ಕೊಲೆಯಾದ ಮರುದಿನದಿಂದ ಶುರು ಮಾಡುವುದು ಇನ್ನೊಂದು ದಾರಿ. ಬೀಗ ಹಾಕಿದ ಬಾಗಿಲು, ಒಳಗೆ ಹೆಣ, ಹೇಗೆ? ಇದು ಬರೀ ಕುತೂಹಲದ ದಾರಿ. ಶೂಟ್ ಮಾಡಲು ಸುಲಭ, ಖರ್ಚು ಕಡಿಮೆ. ಆದರೆ ನೋಡುವವರು ಆ ಕ್ಷಣದಿಂದ ಪತ್ತೇದಾರರಾಗುತ್ತಾರೆ, ನಿಮ್ಮ ಜೊತೆ ಪಂದ್ಯ ಕಟ್ಟುತ್ತಾರೆ. ಕೊನೆಯ ಉತ್ತರ ಅವರ ಊಹೆಗಿಂತ ಚೆನ್ನಾಗಿರಲೇಬೇಕು. ನಿಮ್ಮ ಚಿತ್ರಕಥೆಯ ಬಲ ಉತ್ತರದಲ್ಲಿಲ್ಲ, ಆ ಕೀ ಮಾಡುವವನ ಮನಸ್ಸಿನ ಕಷ್ಟದಲ್ಲಿದೆ. ಹಾಗಾಗಿ ಈ ದಾರಿ ನಿಮಗೆ ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ.

ಮೂರನೆಯದನ್ನು ನೀವು 19ನೇ ಪುಟದಲ್ಲಿ ಬರೆದಿದ್ದೀರಿ. ಒಬ್ಬ ಮನುಷ್ಯ ಬಂದು ಕರವಸ್ತ್ರ ಬಿಚ್ಚುತ್ತಾನೆ. ಒಳಗೆ ಸೋಪಿನ ತುಂಡು, ಅದರ ಮೇಲೆ ಕೀ ಒತ್ತಿದ ಅಚ್ಚು. ಕೀ ಮಾಡುವವನು ಸೋಪು ನೋಡುತ್ತಾನೆ, ಅವನ ಮುಖ ನೋಡುತ್ತಾನೆ. ಅಸಲಿ ಕೀ ಎಲ್ಲಿ ಅಂತ ಕೇಳಬೇಕು, ಕೇಳುವುದಿಲ್ಲ. ಬಂದವನು ದುಡ್ಡು ಸ್ವಲ್ಪ ಜಾಸ್ತಿಯೇ ಇಡುತ್ತಾನೆ. ಇವನು ಅರ ಎತ್ತಿಕೊಂಡು ಉಜ್ಜಲು ಶುರು ಮಾಡುತ್ತಾನೆ. ಇದನ್ನು ಒಂದು ಫ್ಲಾಶ್‌ಬ್ಯಾಕ್‌ನಲ್ಲಿ ಅರ್ಧ ನಿಮಿಷಕ್ಕೆ ಮುಗಿಸಿದ್ದೀರಿ. ನನ್ನ ಪ್ರಕಾರ ನಿಮ್ಮ ಸಿನಿಮಾ ಇಲ್ಲಿಂದ ಶುರುವಾಗಬೇಕು.

ಯಾಕೆ ಅಂದರೆ, ಇದರಲ್ಲಿ ಎರಡೂ ಇವೆ. ಬಂದವನು ಯಾರು, ಯಾರ ಮನೆಯ ಕೀ ಅನ್ನುವುದು ಕುತೂಹಲ. ಆಗಬಾರದ್ದು ಆಗುತ್ತಿದೆ, ಇವನು ತಡೆಯಬಹುದಿತ್ತು, ತಡೆಯಲಿಲ್ಲ ಅನ್ನುವುದು ತಳಮಳ. ನಾಯಕನ ಪರಿಚಯಕ್ಕೆ ಅಲಾರಂ ಬೇಡವೇ ಬೇಡ. 1954ರ ‘ರಿಯರ್ ವಿಂಡೋ’ ಆರಂಭದಲ್ಲಿ ಹಿಚ್‌ಕಾಕ್ ನಾಯಕನ ಬಗ್ಗೆ ಒಂದು ಮಾತೂ ಆಡಿಸದೆ ಎಲ್ಲ ಹೇಳುತ್ತಾರೆ. ಕಾಲಿನ ಪ್ಲಾಸ್ಟರ್, ಮುರಿದ ಕ್ಯಾಮೆರಾ, ಗೋಡೆಯ ಮೇಲೆ ಕಾರ್ ರೇಸಿನ ಅಪಘಾತದ ಫೋಟೋ. ಕ್ಯಾಮೆರಾ ಸುಮ್ನೆ ಹಾದುಹೋಗುತ್ತದೆ. ನಿಮ್ಮವನಿಗೂ ಕೈ ಇದೆ, ಅರ ಇದೆ, ಮೊಳೆಗೆ ನೇತುಹಾಕಿದ ನೂರಾರು ಕೀಗಳಿವೆ. ಅವನು ಎಂಥವನು ಅನ್ನುವುದನ್ನು ಆ ಒಂದು ಪ್ರಶ್ನೆ ಕೇಳದೆ ಬಿಡುವುದೇ ಹೇಳುತ್ತದೆ.

ಕೀ ತಯಾರಾದ ಮೇಲೆ ಹಲ್ಲುಗಳ ಕ್ಲೋಸಪ್ ತೆಗೆಯಿರಿ. ಬೇರೆ ಯಾವ ಕೀಯಲ್ಲೂ ಇಲ್ಲದ ಒಂದು ವಿಚಿತ್ರ ತಿರುವು ಇರಲಿ, ಒಮ್ಮೆ ನೋಡಿದರೆ ನೆನಪಿರಬೇಕು. ಅಲ್ಲಿಂದ ನೇರ ಕಟ್: ಅದೇ ಹಲ್ಲಿನ ಇನ್ನೊಂದು ಕೀ. ಹಳೆಯದು, ಬಣ್ಣದ ದಾರ ಕಟ್ಟಿದ್ದು. ಅದು ಒಬ್ಬ ಹೆಣ್ಣುಮಗಳ ಕೈಯಲ್ಲಿದೆ. ಅವಳು ಮನೆಯ ಬಾಗಿಲು ತೆಗೆಯುತ್ತಿದ್ದಾಳೆ, ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಾಳೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಒಳಗಿನಿಂದ ಬೀಗ ಹಾಕುತ್ತಾಳೆ. ಟೈಟಲ್. ನಾಲ್ಕು ನಿಮಿಷದೊಳಗೆ ಆಗುತ್ತದೆ. ಹಗಲಿನಲ್ಲಿ ತೆಗೆಯಬಹುದು. ಮಳೆಯ ಯಂತ್ರ ಬೇಡ, ಸಾಹಸ ನಿರ್ದೇಶಕರೂ ಬೇಡ. ಇದಾದ ಮೇಲೆ ಅವಳು ಬೀಗ ಹಾಕುವ ಒಂದೊಂದು ಶಾಟ್‌ನಲ್ಲೂ ನಮಗೆ ಹಿಂಸೆಯಾಗುತ್ತದೆ. ಕೊಲೆ ಕಥೆಯ 25ನೇ ನಿಮಿಷಕ್ಕೆ ಬಂದರೂ ಯಾರೂ ಏಳುವುದಿಲ್ಲ.

ಇದರ ಅಪಾಯವನ್ನೂ ಹೇಳಬೇಕು. ನಿಧಾನ ಅನ್ನಿಸಬಹುದು. ಕೀ ಹಲ್ಲು ಗುರುತು ಸಿಗದಿದ್ದರೆ ಇಡೀ ಆರಂಭ ನೆಲಕಚ್ಚುತ್ತದೆ. ಹಾಗಾಗಿ ಅದನ್ನು ಎರಡು ಸಲ ತೋರಿಸಲು ಸಂಕೋಚ ಬೇಡ. ಆಮೇಲೆ ಆ 25 ನಿಮಿಷದಲ್ಲಿ ತಳಮಳ ಆರದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮ ಮೇಲೆ ಬೀಳುತ್ತದೆ. ಕಾಯಿಸುವುದಕ್ಕೂ ಮರೆಸುವುದಕ್ಕೂ ನಡುವೆ ಗೆರೆ ತೆಳು. ನಿರ್ಮಾಪಕರು ಕೊಲೆ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಅವರಿಗೆ ಚಿತ್ರಕಥೆ ಓದಲು ಕೊಡಬೇಡಿ. ಫೋನಿನಲ್ಲೇ ಶೂಟ್ ಮಾಡಿ ಕಟ್ ಮಾಡಿ ತೋರಿಸಿ.

ಸೌಂಡ್‌ಗೆ ನನ್ನ ಸಲಹೆ ಒಂದೇ. ಈ ನಾಲ್ಕು ನಿಮಿಷಕ್ಕೆ ಹಿನ್ನೆಲೆ ಸಂಗೀತ ಬೇಡ. ಅರ ಉಜ್ಜುವ ಸದ್ದು ಸಾಕು. ಅದನ್ನು ಹತ್ತಿರದಿಂದ, ಬೇರೆಯಾಗಿ ರೆಕಾರ್ಡ್ ಮಾಡಿ. ನಿಲ್ಲುತ್ತದೆ, ಊದುತ್ತಾನೆ, ಮತ್ತೆ ಶುರು. ‘ಎಂ’ನ ಸಿಳ್ಳೆ ಹೇಗೆ ಕೆಲಸ ಮಾಡಿತೋ ಹಾಗೆ ಇದು ಮಾಡಬೇಕು. ಹೆಣ್ಣುಮಗಳ ಮನೆಗೆ ಕಟ್ ಆದ ಮೇಲೂ ಒಂದು ಕ್ಷಣ ಆ ಸದ್ದು ಮುಂದುವರಿಯಲಿ, ಅವಳು ಬೀಗ ಹಾಕುವ ಸದ್ದಿಗೆ ನಿಲ್ಲಲಿ. ಮುಂದೆ ನಾಯಕ ಪೊಲೀಸರ ಎದುರು ಸುಳ್ಳು ಹೇಳುವಾಗ ಎಲ್ಲೋ ಅರದ ಸದ್ದು ಕೇಳಿಸಿದರೆ ಸಾಕು, ಸಂಗೀತ ನಿರ್ದೇಶಕರ ಅರ್ಧ ಕೆಲಸ ಮುಗಿದಂತೆ.

ಕಟ್ ಆದ ಮೇಲೆ ಹೊಸಬರಿಗೆ ತೋರಿಸಿ, ಮೊದಲು ನೋಡಿದ ಹತ್ತು ಜನ ಬೇಡ. ಟೈಟಲ್ ಬಂದ ಕೂಡಲೇ ನಿಲ್ಲಿಸಿ. ಹೇಗಿತ್ತು ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದುಬಿಡುತ್ತಾರೆ. ‘ಮುಂದೆ ಏನಾಗಬಹುದು?’ ಅಂತ ಕೇಳಿ. ‘ಅವನು ಯಾರು?’ ಅಂತ ತಿರುಗಿ ಕೇಳಿದರೆ ಕುತೂಹಲ ಕೂತಿದೆ. ‘ಅಯ್ಯೋ, ಆ ಹುಡುಗಿ’ ಅಂದರೆ ತಳಮಳವೂ ಕೂತಿದೆ. ‘ಆ ಕೀ ಯಾವುದು?’ ಅಂದರೆ ಕ್ಲೋಸಪ್ ಮತ್ತೆ ಶೂಟ್ ಮಾಡಬೇಕು.

ಶೂಟಿಂಗ್‌ಗೆ ಹೋಗುವ ಮುಂಚೆ ಒಂದನ್ನು ನಿರ್ಧರಿಸಿ. ಕೊಲೆಗಾರ ಯಾರು ಅಂತ ಚಿತ್ರಕಥೆಯಿಂದ ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. ಆದರೆ ಅವನು ಯಾರು ಅನ್ನುವುದನ್ನು ನೋಡಿದರೆ, ಆ ಸೋಪು ಹೊಸದಾಗಿರುವುದು ಸಾಧ್ಯವಿಲ್ಲ ಅಲ್ವಾ? ಅರ್ಧ ಸವೆದ, ಬಣ್ಣದ ಸೋಪು ಇಡಿ. ಟೈಟಲ್ ಆದ ಮೇಲೆ ಅವಳು ಮುಖ ತೊಳೆಯಲು ಹೋಗಲಿ. ಸೋಪಿನ ಡಬ್ಬಿಯಲ್ಲಿ ಅದೇ ಬಣ್ಣದ ಹೊಸ ಸೋಪು ಇರಲಿ. ಅವಳು ಒಂದು ಕ್ಷಣ ಅದನ್ನು ನೋಡಿ, ಏನೂ ಅನ್ನಿಸದೆ, ನಲ್ಲಿ ತಿರುಗಿಸಲಿ.